ದಬ್ಬಿನ ಬಿಲ

ಅಲ್ ಅಹ್ಸಾದ ಆಚೆಯ ಬೆಂಗಾಡಿನಲ್ಲಿ ನಮ್ಮ ಸೌದಿ ಡ್ರೈವರ್ ದಬ್ ಹಿಡಿಯುವುದನ್ನು ಕಲಿಸುತ್ತಿದ್ದ. ದಬ್ ಎಂದರೆ ಇಲ್ಲಿಯವರು ಆಸೆಪಟ್ಟು ತಿನ್ನುವ ಮುಳ್ಳುಬಾಲದ ಹಲ್ಲಿ. ಬಿಲಕ್ಕೆ ನೀರು ಹೊಯ್ದರೆ ತಾನಾಗಿಯೇ ಹೊರಬರುತ್ತದಂತೆ. ಕುಡಿಯಲು ತಂದ ನೀರನ್ನೆಲ್ಲ ಬುದ್ಧಿಗೇಡಿಗಳಂತೆ ಸುರಿದೆವು. ಉಡುಪಿಯ ನನ್ನ ಗೆಳೆಯ ಬಿಲದ ಬಾಯಿಗೆ ಕೈಯೊಡ್ಡಿ ಕೂತ.

ಒಳಗಿನಿಂದ ಬುಸ್ಸೆಂಬ ಸದ್ದು ಬಂತು. ಬಗ್ಗಿ ನೋಡಿದರೆ ಕತ್ತಲಲ್ಲಿ ಚೂಪು ಮೂತಿಯೊಂದು ಕಂಡಿತು.

"ಕೈ ತೆಗಿ ಮಾರಾಯ, ಉಡ!" ಎಂದು ಅವನ ಅಂಗಿ ಹಿಡಿದೆಳೆದೆ.

ತೋಳುದ್ದದ ಉಡ ಹೊರಬಂತು. ಅದರ ಬಾಯಲ್ಲಿ ನಮ್ಮ ದಬ್ ಒದ್ದಾಡುತ್ತಿತ್ತು. ಡ್ರೈವರ್ ಒಂದು ಹೆಜ್ಜೆ ಮುಂದಿಟ್ಟದ್ದಕ್ಕೆ ಚಾಟಿಯಂತೆ ಬಾಲ ಬೀಸಿತು, ಓಡಲಿಲ್ಲ. ನಮ್ಮೆದುರೇ ಬೇಟೆಯನ್ನು ತಲೆಯ ಕಡೆಯಿಂದ ಇಡಿಯಾಗಿ ನುಂಗಿತು. ಆಮೇಲೆ ಸೀಳುನಾಲಿಗೆ ಚಾಚಿ, ಬಿಲದ ಬಾಯಲ್ಲಿ ಉಳಿದಿದ್ದ ನಮ್ಮ ನೀರನ್ನು ನೆಕ್ಕತೊಡಗಿತು. ನಾವು ಮೂವರೂ ಎಂಜಲು ನುಂಗುತ್ತ ನಿಂತೆವು.