ಇರುವೆ ಬರುವ ತೂತು

ಮದ್ದೂರಿನಲ್ಲಿ ಗಾಡಿಗಳ ತಗಡು ಸರಿಮಾಡುವ ಟಿಂಕರ್ ಒಬ್ಬರಿದ್ದರು. ಯಾವ ಗಾಡಿ ಬಂದರೂ ಮೊದಲು ಸ್ಕ್ರೂಡ್ರೈವರ್ ಹಿಡಿಯಿಂದ ತಗಡನ್ನು ತಟ್ಟಿ, ಕಿವಿಗೊಟ್ಟು ಕೇಳುತ್ತಿದ್ದರು. “ಒಳಗೇನದೆಯೋ ನೋಡವ” ಎನ್ನುವುದು ಅವರ ರೂಢಿಯ ಮಾತು.

ಒಮ್ಮೆ ಬೆಸಗರಹಳ್ಳಿಯ ಬೆಲ್ಲದ ವ್ಯಾಪಾರಿಯೊಬ್ಬ ತನ್ನ ಹಳೆಯ ಪಿಕಪ್ ತಂದ. ಅದನ್ನು ಕೊಳ್ಳಲು ಸಂಜೆ ಮಳವಳ್ಳಿಯಿಂದ ಒಬ್ಬ ಬರುವವನಿದ್ದ. ವ್ಯಾಪಾರಿಗೆ ಬಣ್ಣವಷ್ಟೇ ಬೇಕಿತ್ತು. ಹಳೆಯದನ್ನು ಕೀಳಲು ಟಿಂಕರ್ ಗಾಳಿಯಂತ್ರದಿಂದ ತಗಡಿಗೆ ಮರಳು ಚಿಮ್ಮಿಸಿದರು. ಹಳೆಯ ಬಣ್ಣ ಹಾರಿ, ಬಾಗಿಲ ಕೆಳಗಿನ ತಗಡು ತುಕ್ಕು ತಿಂದು ಜರಡಿಯಂತೆ ಕಂಡಿತು. ನೀರು ಹರಿದುಹೋಗಬೇಕಾದ ತೂತಿಗೆ ಡಾಂಬರು ಮೆತ್ತಿತ್ತು.

“ಇದ್ಯಾಕ್ಲಾ ಮುಚ್ದೆ?”

“ಬೆಲ್ಲಕ್ಕೆ ಇರುವೆ ನುಗ್ತಿದ್ವು ಕಣಣ್ಣ. ಈಗ ತೂತ್ಗೆಲ್ಲ ಪುಟ್ಟಿ ಮೆತ್ತಿ ಬಣ್ಣ ಹೊಡ್ದುಬುಡು, ಇಲ್ದಿದ್ರೆ ಯಾಪಾರ ಕೆಡ್ತದೆ.”

“ಇರುವೆಗೆ ಬಾಗ್ಲಾಕಿ ನೀರ್ಗೆ ಮನೆ ಕೊಟ್ಟಿದ್ದೀ ಕಣ್ಲಾ!” ಎಂದು ನಕ್ಕ ಟಿಂಕರ್, ಪುಟ್ಟಿಯ ಡಬ್ಬಿ ಮುಟ್ಟದೆ ತುಕ್ಕು ತಿಂದ ಭಾಗವನ್ನು ಕತ್ತರಿಸತೊಡಗಿದರು.

ಮಳವಳ್ಳಿಯವನು ಬಂದಾಗ ಹೊಸ ತಗಡಿನ ಬೆಸುಗೆ ಮುಗಿದಿತ್ತು, ಬಣ್ಣ ಇನ್ನೂ ಆಗಿರಲಿಲ್ಲ. ವ್ಯಾಪಾರಿ ತಲೆ ತಗ್ಗಿಸಿ ನಿಂತಿದ್ದ. ಟಿಂಕರ್ ಕತ್ತರಿಸಿ ತೆಗೆದ ತುಂಡನ್ನೂ ತೋರಿಸಿದರು. ಬಂದವನು ಅದನ್ನು ತಿರುಗಿಸಿ ನೋಡಿ, ಹೊಸ ತಗಡನ್ನು ತಟ್ಟಿ, “ಗಾಡಿ ನಂಗಿರ್ಲಿ. ನಾನೂ ಬೆಲ್ಲನೇ ತುಂಬೋದು, ಇರುವೆ ಬತ್ತವಾ?” ಎಂದ.

ಟಿಂಕರ್ ಡ್ರಿಲ್ ಎತ್ತಿಕೊಂಡು ಆ ತಗಡಿನ ಅಡಿಯಲ್ಲಿ ನೀರಿಗೊಂದು ತೂತು ಕೊರೆದರು.

“ಬತ್ತವೆ. ಬರ್ಲಿ ಬುಡಿ.”