ಅಣ್ಣ ಮಡಚಿದ ಎಲೆ

ನನಗಾಗ ಅರವತ್ತೆರಡು. ಇಪ್ಪತ್ತು ವರ್ಷದ ಮೇಲಾಯಿತು. ಗಂಡ ಹೋದ ಮೇಲೆ ಇಸಳೂರಿನಲ್ಲಿ ಅಣ್ಣನ ಮನೆಯಲ್ಲೇ ಇದ್ದೆ. ಅಣ್ಣನಷ್ಟು ಬೇಗ ಉಣ್ಣುವವರನ್ನು ನಾನು ಎಲ್ಲೂ ನೋಡಿಲ್ಲ. ಶಿರಸಿ-ಯಲ್ಲಾಪುರ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಯಲ್ಲಾಪುರದಲ್ಲಿ ಬಸ್ಸು ನಿಂತಷ್ಟು ಹೊತ್ತಿನಲ್ಲೇ ಊಟ ಮುಗಿಸಿ ರೂಢಿ. ನೌಕರಿ ಮುಗಿದ ಮೇಲೂ ಅದೇ ಓಟ.

ನಮ್ಮಲ್ಲಿ ಊಟದ ಸಾಲಿನಿಂದ ಒಬ್ಬೊಬ್ಬರೇ ಏಳುವ ಹಾಗಿಲ್ಲ. ಎಲ್ಲರದ್ದೂ ಮುಗಿಯಬೇಕು, ಹಿರಿಯ ಏಳಬೇಕು, ಆಮೇಲೆ ಉಳಿದವರು. ಹಿರಿಯ ಇವನೇ. ಎಲೆ ಮಡಚಿ ಮೊಮ್ಮಗಳ ಕಡೆ ತಿರುಗಿ, "ಎಲೆ ಮೇಲೆ ನಿದ್ದೆ ಬಂತನೇ ಕೂಸೆ? ನಿನ್ನಿಂದಾಗಿ ಬಸ್ಸು ನಿಂತಿದ್ದು!" ಎನ್ನುತ್ತಿದ್ದ. ಅವಳದ್ದು ಮುಗಿದದ್ದೇ "ರೈಟ್!" ಎಂದು ಏಳುತ್ತಿದ್ದ.

ಮೊದಲು ಬಲಗೈ ನಡುಗಿತು. ಡಾಕ್ಟರು ಪಾರ್ಕಿನ್ಸನ್ ಎಂದರು, ಗುಳಿಗೆ ಕೊಟ್ಟರು. ಹೆಜ್ಜೆ ಸಣ್ಣದಾಯಿತು. ಬಸ್ಸು ತುಂಬುತ್ತಿದ್ದ ದನಿ ಪಿಸುಮಾತಾಯಿತು. ಆದರೂ ಎಲ್ಲರಿಗಿಂತ ಮೊದಲು ಎಲೆ ಮಡಚುವುದನ್ನು ಬಿಡಲಿಲ್ಲ. ಅಂಗಿ ಮಾತ್ರ ಜೋಲುತ್ತಾ ಬಂತು. ಗುಳಿಗೆಯ ಗುಣ ಎಂದುಕೊಂಡರು ಮಗ, ಸೊಸೆ.

ಎಂಜಲೆಲೆ ತೆಗೆಯುವುದು ನನ್ನ ಕೆಲಸ. ಒಂದು ದಿನ ಅವನ ಎಲೆ ಎತ್ತಿದರೆ ಭಾರ. ಬಿಚ್ಚಿದೆ. ಬಡಿಸಿದ ಅನ್ನ ಹಾಗೇ ಇತ್ತು.

"ಎಂತ ಇದು ಅಣ್ಣ? ಉಪವಾಸ ಸಾಯವು ಹೇಳಿ ಮಾಡಿದ್ಯ?"

"ತುತ್ತು ಇಳೀತಿಲ್ಲೆ ತಂಗಿ. ಎದೇಲೇ ನಿಲ್ತು. ಆನು ಮುಗ್ಸೋ ತನಕ ಎಲ್ಲರೂ ಕೈ ಒಣಗಿಸ್ಕ್ಯಂಡು ಕೂರವು, ಅಲ್ದ?"

"ಕೂರ್ಲಿ! ಅವ್ಕೆ ಎಂತ ಬಸ್ಸು ತಪ್ಪೋಗ್ತ?"

ನಕ್ಕ. ಜೊಲ್ಲು ಇಳಿಯಿತು. ಪಂಚೆಯ ತುದಿಯಲ್ಲಿ ಒರೆಸಿಕೊಂಡ.

ಈ ರೋಗ ಗಂಟಲಿಗೂ ಅನ್ನನಾಳಕ್ಕೂ ಬರುತ್ತದೆ, ನೀರಾಗಿದ್ದದ್ದು ಬೇಡ, ಮಂದ ಮಾಡಿ ಕೊಡಿ, ಅವಸರ ಮಾಡಬೇಡಿ ಎಂದರು ಡಾಕ್ಟರು. ಅಂದಿನಿಂದ ಎಲ್ಲರೂ ಎದ್ದ ಮೇಲೆ ಅವನನ್ನು ಅಡುಗೆಮನೆಯಲ್ಲಿ ನನ್ನ ಸಂಗಡ ಕೂರಿಸಿದೆ. ಶಿಶುಗಳಿಗೆ ಕಾಸುವ ರಾಗಿ ಮಣ್ಣಿಯನ್ನೇ ಕಾಸಿದೆ. "ಇನ್ನು ತೊಟ್ಲು ಕಟ್ಟದೊಂದು ಬಾಕಿ" ಎಂದು ಬೈಯುತ್ತಲೇ ತಿಂದ. ಒಂದು ತುತ್ತು, ಗದ್ದ ತಗ್ಗಿಸಿ ನುಂಗುವುದು, ಸುಮ್ಮನೆ ಕೂರುವುದು. ಕೆನ್ನೆ ಸ್ವಲ್ಪ ತುಂಬಿತು.

ಮನ್ಮನೆ ಊರಿನ ನೆಂಟರ ಮನೆಯಲ್ಲಿ ಉಪನಯನ. ಹಿರಿಯನೆಂದು ಸಾಲಿನ ತುದಿಗೆ ಅಣ್ಣನ ಎಲೆ ಹಾಕಿದ್ದರು.

"ಮಣ್ಣಿ ಇದ್ದು, ಒಳಗೆ ಬಾ" ಎಂದೆ.

"ಎಲ್ಲರೆದುರು ಶಿಶು ಮಾಡಡ ನನ್ನ" ಎಂದು ಕೂತೇಬಿಟ್ಟ.

ಉಳಿದವರದ್ದು ಮುಗಿಯಿತು. ಮನೆಯ ಯಜಮಾನ ಇವನೆದುರೇ ನಿಂತು "ಸಾವಕಾಶ ಆಗ್ಲಿ, ಸಾವಕಾಶ ಆಗ್ಲಿ" ಎನ್ನುತ್ತಿದ್ದ. ಅವನ ಮುಂದೆ ಅನ್ನ ಬಿಟ್ಟು ಎಲೆ ಮಡಚುವುದು ಹೇಗೆ? ಸಾಲಿಡೀ ಇವನನ್ನೇ ನೋಡುತ್ತಿತ್ತು. ಇದ್ದದ್ದನ್ನೆಲ್ಲ ಬಾಯಿಗೆ ತುಂಬಿಕೊಂಡ, ಮೇಲಿಂದ ನೀರು ಹೊಯ್ದುಕೊಂಡ. ಕೆಮ್ಮು ಹತ್ತಿತು, ಮುಖ ಕಪ್ಪಿಟ್ಟಿತು. ಹೇಗೋ ಉಸಿರು ಬಂತು. ದನಿಯಿಲ್ಲ, ತುಟಿ ಮಾತ್ರ "ರೈಟ್" ಎಂದಿತು. ಎಲ್ಲರೂ ಎದ್ದರು.

ಸಂಜೆಗೇ ಜ್ವರ. ಅನ್ನ, ನೀರು ಶ್ವಾಸಕೋಶಕ್ಕೆ ಹೋಗಿದೆ ಎಂದರು ಆಸ್ಪತ್ರೆಯಲ್ಲಿ. ವಾರ ತಡೆಯಲಿಲ್ಲ.

ಸುಟ್ಟು ಬಂದ ಮಾರನೆಯ ಬೆಳಿಗ್ಗೆ ಎಲ್ಲರೂ ಅವಲಕ್ಕಿಗೆ ಕೂತರು. ಆ ದಿನ ನಾನೂ ಸಾಲಿನಲ್ಲೇ ಕೂತೆ. ಮನೆಗೀಗ ಹಿರಿಯಳು ನಾನು. ಎಲ್ಲರದ್ದೂ ಮುಗಿಯಿತು. ಅವನ ಮಗ ನನ್ನ ಮುಖ ನೋಡಿದ. ನಾನು ಏಳಲಿಲ್ಲ. ಒಂದೊಂದೇ ತುತ್ತು ಅಗಿದು ತಿಂದೆ. ಅವರು ಕೈ ಒಣಗಿಸಿಕೊಂಡು ಕಾದರು.