ಕುಂತು ಏಳುವ ಅಪ್ಪಣೆ

ಎಂಬತ್ತರ ದಶಕದ ಆರಂಭದಲ್ಲಿ, ದೇವದುರ್ಗದ ನಮ್ಮ ಮನೆಯಲ್ಲಿ ಅಜ್ಜ "ಲೇ, ನೀರು!" ಅಂದರೆ ಸಾಕು, ಮಲಗಿದ್ದ ಅಜ್ಜಿ ಸೆರಗು ಸರಿಮಾಡಿಕೊಳ್ಳುತ್ತಲೇ ಎದ್ದು ಓಡುತ್ತಿದ್ದಳು. ರಾಯಚೂರಿನ ಡಾಕ್ಟರು ಬಿ.ಪಿ. ಹೆಚ್ಚಾಗಿದೆಯೆಂದು ಗುಳಿಗೆ ಕೊಟ್ಟ ಮೇಲೆ, ಹಾಗೆ ಎದ್ದವಳು ಒಂದು ಮಧ್ಯಾಹ್ನ ಕಣ್ಣು ಕತ್ತಲಾಗಿ ಅಡುಗೆಮನೆಯ ಹೊಸ್ತಿಲಲ್ಲೇ ಕುಸಿದಳು. ನಾನು ಅವಳನ್ನು ಮತ್ತೆ ಬಸ್ಸಿನಲ್ಲಿ ರಾಯಚೂರಿಗೆ ಕರೆದೊಯ್ದೆ.

"ಎದ್ದು ನಿಂತ ಕೂಡ್ಲೆ ರಕ್ತ ಕಾಲಿಗೆ ಇಳೀತದ ಯವ್ವಾ," ಎಂದರು ಡಾಕ್ಟರು. "ಆಗ ರಕ್ತನಾಳ ಬಿಗಿಯಾಗಿ, ಹೃದಯ ಜೋರು ಬಡದು, ತಲಿಗೆ ರಕ್ತ ಮುಟ್ಟಸ್ತಾವ. ಗುಳಿಗಿಯಿಂದ ನಿಮ್ಮ ನಾಳ ಸಡಿಲಾಗ್ಯಾವ, ಬಿಗಿಯಾಗೋದು ತಡ ಆಗ್ತದ. ಅದಕ್ಕ ಸ್ವಲ್ಪ ಹೊತ್ತು ಕುಂತು, ಆಮ್ಯಾಲ ಏಳ್ರಿ."

ಮದುವೆಯಾದಂದಿನಿಂದ ಅಜ್ಜಿಗೆ ಕುಳಿತುಕೊಳ್ಳಲು ಹೇಳಿದ ಮೊದಲ ಗಂಡಸು ಅವರೇ ಇರಬೇಕು. ಅವಳು ಆ ಮಾತನ್ನು ಗುಳಿಗೆಗಿಂತ ನಿಷ್ಠೆಯಿಂದ ಪಾಲಿಸಿದಳು. ಅಜ್ಜ ಕೂಗಿದಾಗ ಹಾಸಿಗೆಯಲ್ಲಿ ಎದ್ದು ಕುಳಿತು, ಕಾಲು ಚಾಚಿ, "ತಡೀರಿ, ರಕ್ತ ಮ್ಯಾಲ ಏರಾಕತ್ತದ" ಎನ್ನುತ್ತಿದ್ದಳು.

ಕಾದು ಬೇಸತ್ತ ಅಜ್ಜ ಒಂದು ದಿನ ತಾನೇ ದಡಕ್ಕನೆ ಎದ್ದು, ನೀರು ತುಂಬಿಕೊಂಡು ಕುಡಿದ. "ನೋಡು, ನನಗ ತಲಿಗಿಲಿ ಏನೂ ತಿರಗಂಗಿಲ್ಲ. ನನ್ನ ನರ ಗಟ್ಟಿ ಅದಾವ" ಎಂದು ಮೀಸೆ ತಿರುವಿದ.

"ಹಂಗಾರ ನನಗೂ ಒಂದು ತಂಬಗಿ ತರ್ರಿ" ಎಂದಳು ಅಜ್ಜಿ.

ಬೇರೆ ದಾರಿಯಿಲ್ಲದೆ ಅಜ್ಜ ತಂದುಕೊಟ್ಟ. ಮುಂದೆ ಡಾಕ್ಟರು ಗುಳಿಗೆ ಬದಲಿಸಿದ ಮೇಲೆ ತಲೆಸುತ್ತು ಪೂರ್ತಿ ನಿಂತಿತು. ಅದನ್ನು ಅಜ್ಜನಿಗೆ ಹೇಳುವ ಅಗತ್ಯ ನಮ್ಮಿಬ್ಬರಿಗೂ ಕಾಣಲಿಲ್ಲ.